ಹಡಗು ಮುಳುಗಿಸುವ ಲೆಕ್ಕ: ಒಂದೇ ತಂತ್ರ ಅಟ್ಲಾಂಟಿಕ್‌ನಲ್ಲಿ ಸೋತು ಪೆಸಿಫಿಕ್‌ನಲ್ಲಿ ಗೆದ್ದದ್ದೇಕೆ?

1916ರ ಡಿಸೆಂಬರ್ 22ರಂದು ಜರ್ಮನಿಯ ಅಡ್ಮಿರಲ್ ಹೆನಿಂಗ್ ಫಾನ್ ಹೋಲ್ಟ್ಸೆನ್‌ಡಾರ್ಫ್ ತಮ್ಮ ಸರ್ಕಾರದ ಮುಂದೆ ಒಂದು ಟಿಪ್ಪಣಿ ಇಟ್ಟರು. ಅದರ ತಿರುಳು ಇಷ್ಟೇ. ತಿಂಗಳಿಗೆ 6 ಲಕ್ಷ ಟನ್ನಿನಷ್ಟು ಸರಕು ಹಡಗುಗಳನ್ನು ಸಬ್‌ಮರೀನ್‌ಗಳು ಮುಳುಗಿಸುತ್ತಾ ಹೋದರೆ, ಐದು ತಿಂಗಳಲ್ಲಿ ಬ್ರಿಟನ್ ಸಂಧಾನಕ್ಕೆ ಬರುತ್ತದೆ. ಗೋಧಿಯ ಫಸಲು ಎಷ್ಟು, ಬ್ರಿಟನ್ನಿನ ಕೈಯಲ್ಲಿರುವ ಹಡಗು ಎಷ್ಟು, ಹೆದರಿ ಹಿಂದೆ ಸರಿಯುವ ತಟಸ್ಥ ದೇಶಗಳ ಹಡಗು ಎಷ್ಟು, ಎಲ್ಲವನ್ನೂ ಅವರು ಕೂಡಿ ಕಳೆದು ನೋಡಿದ್ದರು.

ಶತ್ರುವಿನ ವ್ಯಾಪಾರಿ ಹಡಗುಗಳ ಮೇಲಿನ ಸಬ್‌ಮರೀನ್ ಯುದ್ಧವನ್ನು ಅರ್ಥ ಮಾಡಿಕೊಳ್ಳಲು ಈ ಟಿಪ್ಪಣಿಯೇ ಒಳ್ಳೆಯ ದಾರಿ. ಯಾಕಂದ್ರೆ ಈ ಯುದ್ಧದಲ್ಲಿ ಗೆಲುವು ನಿಂತಿರುವುದು ಯಾವುದೋ ಒಂದು ದೊಡ್ಡ ಕಾದಾಟದ ಮೇಲಲ್ಲ, ಒಂದು ದರದ ಮೇಲೆ. ಶತ್ರು ಹೊಸ ಹಡಗು ಕಟ್ಟುವುದಕ್ಕಿಂತ ಬೇಗ ನಾವು ಮುಳುಗಿಸಬೇಕು. ಅಷ್ಟಾದರೆ ಸಾಕು. ದ್ವೀಪ ದೇಶದ ಎಣ್ಣೆ, ಅನ್ನ, ಅದಿರು ಎಲ್ಲಾ ಸಮುದ್ರದ ಮೇಲೇ ಬರಬೇಕಲ್ವಾ? ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಸರಕು ತರಿಸಿಕೊಳ್ಳುತ್ತಿತ್ತು. ಊಟದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು.

ಇಲ್ಲಿ ಟನ್ ಅಂದರೆ ಹಡಗಿನ ತೂಕ ಅಲ್ಲ. ಅದರ ಒಳಗಿನ ಜಾಗದ ಅಳತೆ. 100 ಘನ ಅಡಿಗೆ ಒಂದು ಟನ್. ಒಂದು ಹಡಗು ಮುಳುಗಿದರೆ ಅವತ್ತಿನ ಸರಕು ಮಾತ್ರ ಹೋಗುವುದಿಲ್ಲ. ಮುಂದಿನ ವರ್ಷಗಳಲ್ಲಿ ಅದು ಮಾಡಬೇಕಿದ್ದ ಎಲ್ಲಾ ಸಾಗಣೆಯೂ ಹೋಗುತ್ತದೆ. ಆದ್ದರಿಂದಲೇ ಖಾಲಿ ಹಡಗನ್ನು ಮುಳುಗಿಸಿದರೂ ಲಾಭವೇ. ಉತ್ತರ ಅಟ್ಲಾಂಟಿಕ್‌ನಲ್ಲಿ ಮುಳುಗಿಸಿದರೂ ಆಫ್ರಿಕಾದ ಕರಾವಳಿಯಲ್ಲಿ ಮುಳುಗಿಸಿದರೂ ಲೆಕ್ಕಕ್ಕೆ ಒಂದೇ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸಬ್‌ಮರೀನ್‌ಗಳನ್ನು ನಡೆಸಿದ ಕಾರ್ಲ್ ಡೋನಿಟ್ಸ್ ಇದನ್ನೇ ಹಿಡಿದು ಕೂತರು. ಎಲ್ಲಿ ಕಡಿಮೆ ಅಪಾಯಕ್ಕೆ ಹೆಚ್ಚು ಟನ್ ಸಿಗುತ್ತದೋ ಅಲ್ಲಿಗೆ ಸಬ್‌ಮರೀನ್ ಕಳಿಸು. ಅವರ ತಂತ್ರವೆಲ್ಲ ಇದರಿಂದಲೇ ಬಂದದ್ದು.

ನಿಯಮ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ

1914ರ ಅಕ್ಟೋಬರ್ 20ರಂದು ನಾರ್ವೆ ಕರಾವಳಿಯ ಹತ್ತಿರ ಜರ್ಮನಿಯ ಯು-17 ಎಂಬ ಸಬ್‌ಮರೀನ್, ಬ್ರಿಟನ್ನಿನ ಗ್ಲಿಟ್ರಾ ಎಂಬ ಚಿಕ್ಕ ಸರಕು ಹಡಗನ್ನು ತಡೆಯಿತು. ಸಬ್‌ಮರೀನ್ ಮುಳುಗಿಸಿದ ಮೊದಲ ವ್ಯಾಪಾರಿ ಹಡಗು ಅದು. ಜರ್ಮನ್ನರು ಮೊದಲು ಹಡಗಿನವರನ್ನು ದೋಣಿಗಳಿಗೆ ಇಳಿಸಿದರು, ಆಮೇಲೆ ಹಡಗನ್ನು ಮುಳುಗಿಸಿದರು. ಅಷ್ಟೇ ಅಲ್ಲ, ದೋಣಿಗಳನ್ನು ದಡದ ಕಡೆಗೆ ಸ್ವಲ್ಪ ದೂರ ಎಳೆದುಕೊಂಡೂ ಹೋದರು. ಸಮುದ್ರದ ಹಳೆಯ ಕಾನೂನು ಹೇಳಿದ್ದು ಹೀಗೇ. ಸರಕು ಹಡಗನ್ನು ನಿಲ್ಲಿಸು, ತಪಾಸಣೆ ಮಾಡು, ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸು, ಆಮೇಲೆ ಮುಳುಗಿಸು.

ತೊಂದರೆ ಏನೆಂದರೆ ಸಬ್‌ಮರೀನ್‌ಗೆ ಬಲವಿರುವುದು ಕಾಣದೇ ಇದ್ದಾಗ ಮಾತ್ರ. ಮೇಲೆ ಬಂದು ನಿಂತರೆ ಅದು ತೆಳು ಒಡಲಿನ ಚಿಕ್ಕ ದೋಣಿ. ಒಂದು ಗುಂಡು ಸರಿಯಾದ ಜಾಗಕ್ಕೆ ಬಿದ್ದರೂ ಮತ್ತೆ ಮುಳುಗಲಾರದು. ಹಡಗಿನವರನ್ನು ಹತ್ತಿಸಿಕೊಳ್ಳೋಣ ಅಂದರೆ ಒಳಗೆ ತನ್ನವರಿಗೇ ಜಾಗವಿಲ್ಲ. ಬ್ರಿಟನ್ ತನ್ನ ಸರಕು ಹಡಗುಗಳಿಗೆ ತೋಪು ಕೂರಿಸಿತು. ಮೇಲ್ನೋಟಕ್ಕೆ ಬಡಪಾಯಿ ಸರಕು ಹಡಗಿನಂತೆ ಕಾಣುವ, ಒಳಗೆ ತೋಪು ಅಡಗಿಸಿಟ್ಟ 'ಕ್ಯೂ ಹಡಗು'ಗಳನ್ನು ಬಿಟ್ಟಿತು. ಆಮೇಲೆ ನಿಯಮ ಪಾಲಿಸುವ ಸಬ್‌ಮರೀನ್ ಕ್ಯಾಪ್ಟನ್‌ಗೆ ಪ್ರಾಣಕ್ಕೇ ಸಂಚಕಾರ. ಪಾಲಿಸದವನಿಂದ ಜನ ಸಾಯುತ್ತಾರೆ, ತಟಸ್ಥ ದೇಶಗಳು ತಿರುಗಿ ಬೀಳುತ್ತವೆ. 1915ರ ಮೇ 7ರಂದು ಯು-20 ಲುಸಿಟೇನಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿದಾಗ ಸುಮಾರು 1,200 ಜನ ಸತ್ತರು. ಅವರಲ್ಲಿ 100ಕ್ಕೂ ಹೆಚ್ಚು ಅಮೆರಿಕನ್ನರು.

ಹೋಲ್ಟ್ಸೆನ್‌ಡಾರ್ಫ್ ಈ ಅಪಾಯವನ್ನೂ ತೂಗಿ ನೋಡಿದ್ದರು. ಎಚ್ಚರಿಕೆ ಕೊಡದೆ ಹೊಡೆದರೆ ಅಮೆರಿಕ ಯುದ್ಧಕ್ಕೆ ಬರಬಹುದು, ಬರಲಿ, ಅದು ಸಿದ್ಧವಾಗುವ ಹೊತ್ತಿಗೆ ಬ್ರಿಟನ್ ಸೋತಿರುತ್ತದೆ ಅಂತ ಅವರ ನಂಬಿಕೆ. 1917ರ ಫೆಬ್ರವರಿ 1ರಿಂದ ಜರ್ಮನಿ ಕಂಡ ಹಡಗನ್ನೆಲ್ಲ ಹೊಡೆಯತೊಡಗಿತು. ಏಪ್ರಿಲ್ 6ಕ್ಕೆ ಅಮೆರಿಕ ಯುದ್ಧ ಸಾರಿತು. ಅದೇ ತಿಂಗಳು ಮುಳುಗಿದ ಹಡಗುಗಳ ಮೊತ್ತ 8.5 ಲಕ್ಷ ಟನ್ ದಾಟಿತು. ಬರೀ ಅಂಕಿಗಳನ್ನು ನೋಡಿದರೆ ಜರ್ಮನಿ ಗೆಲ್ಲುತ್ತಿತ್ತು.

ಕಾನ್‌ವಾಯ್: ಗೊತ್ತಿದ್ದರೂ ಬೇಡ ಅಂದ ಉಪಾಯ

ಈ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಂಕಟ ತರುವುದು ಇಲ್ಲಿನ ಭಾಗ. ಹಡಗುಗಳನ್ನು ಗುಂಪು ಕಟ್ಟಿ, ಸುತ್ತ ಬೆಂಗಾವಲಿನ ಯುದ್ಧನೌಕೆ ಇಟ್ಟು ಕಳಿಸುವ ಈ ಕಾನ್‌ವಾಯ್ ಪದ್ಧತಿ ಹಾಯಿ ಹಡಗುಗಳ ಕಾಲದಿಂದ ಇತ್ತು. ಆದರೂ ಬ್ರಿಟನ್ನಿನ ನೌಕಾ ಇಲಾಖೆ ಬೇಡ ಅಂತ ಕೂತಿತ್ತು. ಗುಂಪಾದರೆ ಶತ್ರುವಿಗೆ ದೊಡ್ಡ ಗುರಿ, ಸರಕು ಹಡಗಿನ ಕ್ಯಾಪ್ಟನ್‌ಗಳಿಗೆ ಸಾಲು ಕೆಡದಂತೆ ನಡೆಸಲು ಬರುವುದಿಲ್ಲ, ಎಲ್ಲಾ ಒಟ್ಟಿಗೆ ಬಂದರೆ ಬಂದರಿನಲ್ಲಿ ನೂಕುನುಗ್ಗಲು. ಹೀಗೆ ಕಾರಣಗಳು ಬಹಳ ಇದ್ದವು. ಎಲ್ಲಕ್ಕಿಂತ ದೊಡ್ಡದು, ಅಷ್ಟೊಂದು ಹಡಗುಗಳಿಗೆ ಬೆಂಗಾವಲು ಎಲ್ಲಿಂದ ತರೋದು ಅನ್ನುವುದು. ವಾರಕ್ಕೆ 2,500 ಹಡಗು ಬರುತ್ತವೆ, 2,500 ಹೋಗುತ್ತವೆ ಅಂತ ಅವರ ಅಂಕಿ ಹೇಳುತ್ತಿತ್ತು.

ಆ ಅಂಕಿಯನ್ನು ಬಿಡಿಸಿ ನೋಡಿದವರು ರೆಜಿನಾಲ್ಡ್ ಹೆಂಡರ್ಸನ್ ಎಂಬ ಅಧಿಕಾರಿ. ಕರಾವಳಿಯ ಊರಿಂದ ಊರಿಗೆ ಓಡಾಡುವ ಸಣ್ಣಪುಟ್ಟ ಹಡಗುಗಳೆಲ್ಲ ಅದರಲ್ಲಿ ಸೇರಿದ್ದವು. ಜರ್ಮನಿ ಮುಳುಗಿಸುತ್ತಿರುವುದು ಏನೂ ಅಲ್ಲ ಅಂತ ಜಗತ್ತಿಗೆ ತೋರಿಸಲು ಪ್ರಕಟಿಸಿದ ಅಂಕಿ ಅದು. ನಿಜಕ್ಕೂ ಮಹಾಸಾಗರ ದಾಟಿ ಬರುತ್ತಿದ್ದ ದೊಡ್ಡ ಹಡಗುಗಳು ವಾರಕ್ಕೆ 120ರಿಂದ 140. ಹೋಗುತ್ತಿದ್ದದ್ದೂ ಅಷ್ಟೇ. ಶತ್ರುವಿಗೆ ಹೇಳಿದ ಲೆಕ್ಕವನ್ನು ತಾವೇ ನಂಬಿ ಕೂತಿದ್ದರು. ಆ ನಂಬಿಕೆಗೆ ಎಷ್ಟು ನಾವಿಕರು ಬಲಿಯಾದರೋ!

1917ರ ಮೇ 10ರಂದು ಜಿಬ್ರಾಲ್ಟರ್‌ನಿಂದ ಮೊದಲ ಪ್ರಯೋಗದ ಕಾನ್‌ವಾಯ್ ಹೊರಟಿತು. ಒಂದು ಹಡಗನ್ನೂ ಕಳೆದುಕೊಳ್ಳದೆ ಬಂದು ಮುಟ್ಟಿತು. ಆಮೇಲೆ ಯುದ್ಧ ಮುಗಿಯುವ ತನಕ ಮಹಾಸಾಗರದ ಕಾನ್‌ವಾಯ್‌ಗಳಲ್ಲಿ ನೂರಕ್ಕೆ ಒಂದು ಹಡಗೂ ಮುಳುಗಲಿಲ್ಲ.

ಯಾಕೆ ಹೀಗೆ? ಬೆಂಗಾವಲಿನ ನೌಕೆಗಳು ಸಬ್‌ಮರೀನ್‌ಗಳನ್ನು ಹೊಡೆದು ಹಾಕಿದ್ದರಿಂದ ಅಂತ ಅನ್ನಿಸುತ್ತದೆ. ಅದು ಕಾರಣದ ಒಂದು ತುಣುಕು ಮಾತ್ರ. ದೊಡ್ಡ ಕಾರಣ, ಸಮುದ್ರ ಖಾಲಿಯಾಯಿತು ಅನ್ನುವುದು. ಸಬ್‌ಮರೀನ್‌ನ ಮೇಲೆ ನಿಂತು ನೋಡುವವನ ಕಣ್ಣು ನೀರಿನಿಂದ ಕೆಲವೇ ಮೀಟರ್ ಎತ್ತರದಲ್ಲಿರುತ್ತದೆ. ಅವನಿಗೆ ಕಾಣುವುದು ಹತ್ತಿಪ್ಪತ್ತು ಕಿಲೋಮೀಟರ್. 40 ಹಡಗುಗಳು ಒಂದೊಂದಾಗಿ ಹೋದರೆ ಅವನಿಗೆ 40 ಅವಕಾಶ. ಇವತ್ತು ಒಂದು ತಪ್ಪಿದರೆ ನಾಳೆ ಇನ್ನೊಂದು ಸಿಗುತ್ತದೆ. ಅದೇ 40 ಒಟ್ಟಿಗೆ ಹೋದರೆ ಒಂದೇ ಅವಕಾಶ. ಅಷ್ಟು ದೊಡ್ಡ ಸಾಗರದಲ್ಲಿ ಆ ಗುಂಪೂ ಒಂದು ಚುಕ್ಕೆಯೇ. ಒಂಟಿ ಹಡಗಿಗಿಂತ ಸ್ವಲ್ಪ ದೂರದಿಂದ ಕಂಡೀತು, ಅಷ್ಟೇ. ಒಂದು ವೇಳೆ ಕಣ್ಣಿಗೆ ಬಿದ್ದರೂ, ಒಮ್ಮೆ ನಾಲ್ಕು ಟಾರ್ಪಿಡೊ (ನೀರೊಳಗೆ ಓಡಿ ಹಡಗಿಗೆ ಹೊಡೆದು ಸಿಡಿಯುವ ಆಯುಧ) ಬಿಟ್ಟು ಮತ್ತೆ ತುಂಬಿಸಿಕೊಳ್ಳುವಷ್ಟರಲ್ಲಿ ಉಳಿದ ಹಡಗುಗಳು ದಾಟಿ ಹೋಗಿರುತ್ತವೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಮತ್ತು ಅವರ ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾನ್‌ವಾಯ್ ಚಿಕ್ಕದಿದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿದ್ದಾಗ, ಇವರು ಹಳೆಯ ದಾಖಲೆ ತೆಗೆದು ನೋಡಿದರು. ದೊಡ್ಡ ಕಾನ್‌ವಾಯ್ ಆಗಲಿ ಚಿಕ್ಕದಾಗಲಿ, ಒಂದು ದಾಳಿಯಲ್ಲಿ ಮುಳುಗುವ ಹಡಗುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಾರಣ ಶಾಲೆಯ ರೇಖಾಗಣಿತ. ವೃತ್ತದೊಳಗೆ 40ರ ಬದಲು 80 ಹಡಗು ಇಟ್ಟರೆ ಅದರ ವಿಸ್ತೀರ್ಣ ಎರಡು ಪಟ್ಟಾಗುತ್ತದೆ. ಆದರೆ ಸುತ್ತಳತೆ ಬೆಳೆಯುವುದು ಒಂದೂವರೆ ಪಟ್ಟಿಗೂ ಕಡಿಮೆ. ಕಾವಲು ಬೇಕಿರುವುದು ಸುತ್ತಳತೆಗೆ. 40 ಹಡಗಿಗೆ ಆರು ಬೆಂಗಾವಲು ಬೇಕಿದ್ದರೆ 80ಕ್ಕೆ ಎಂಟೊಂಬತ್ತು ಸಾಕು. 1944ರ ಜುಲೈನಲ್ಲಿ ಎಚ್‌ಎಕ್ಸ್ 300 ಎಂಬ ಕಾನ್‌ವಾಯ್ 160ಕ್ಕೂ ಹೆಚ್ಚು ಹಡಗುಗಳೊಂದಿಗೆ ಅಟ್ಲಾಂಟಿಕ್ ದಾಟಿತು. ಒಂದೂ ಮುಳುಗಲಿಲ್ಲ.

ತೋಳಗಳ ಹಿಂಡು

ಡೋನಿಟ್ಸ್ ಮೊದಲ ಯುದ್ಧದಲ್ಲಿ ಸಬ್‌ಮರೀನ್ ಅಧಿಕಾರಿಯಾಗಿದ್ದವರು. ಕಾನ್‌ವಾಯ್ ತಮ್ಮನ್ನು ಹೇಗೆ ಸೋಲಿಸಿತು ಅಂತ ಅನುಭವಿಸಿ ನೋಡಿದ್ದರು. ಅವರ ಉತ್ತರವೂ ಸರಳ: ಹಡಗುಗಳು ಗುಂಪಾದರೆ ಸಬ್‌ಮರೀನ್‌ಗಳೂ ಗುಂಪಾಗಲಿ. ಹತ್ತಿಪ್ಪತ್ತು ಸಬ್‌ಮರೀನ್‌ಗಳು ದಾರಿಗೆ ಅಡ್ಡಲಾಗಿ ಉದ್ದಕ್ಕೆ ಹರಡಿ ಕಾಯುತ್ತವೆ. ಒಂದಕ್ಕೆ ಕಾನ್‌ವಾಯ್ ಕಂಡರೆ ಅದು ಹೊಡೆಯುವುದಿಲ್ಲ. ಹಿಂದೆ ಹಿಂದೆ ಸಾಗುತ್ತಾ ರೇಡಿಯೋದಲ್ಲಿ ದಡಕ್ಕೆ ಸುದ್ದಿ ಮುಟ್ಟಿಸುತ್ತದೆ. ದಡದಿಂದ ಉಳಿದವಕ್ಕೆ ಆಜ್ಞೆ ಹೋಗುತ್ತದೆ. ಎಲ್ಲಾ ಸೇರಿದ ಮೇಲೆ ರಾತ್ರಿ ದಾಳಿ.

ದಾಳಿ ನಡೆಯುತ್ತಿದ್ದದ್ದು ನೀರಿನ ಮೇಲೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಗಿನ ಸಬ್‌ಮರೀನ್ ಅಂದರೆ ಬೇಕಾದಾಗ ಮುಳುಗಬಲ್ಲ ದೋಣಿ ಅಷ್ಟೇ. ಜರ್ಮನಿಯ ಮುಖ್ಯ ಮಾದರಿಯಾದ ಟೈಪ್ 7ಸಿ ನೀರಿನ ಮೇಲೆ ಡೀಸೆಲ್ ಎಂಜಿನ್‌ನಲ್ಲಿ 17 ನಾಟ್ (ಗಂಟೆಗೆ ಸುಮಾರು 31 ಕಿಲೋಮೀಟರ್) ವೇಗದಲ್ಲಿ ಓಡುತ್ತಿತ್ತು. ಕಾನ್‌ವಾಯ್‌ನ ಎರಡು ಪಟ್ಟು ವೇಗ. ಮುಳುಗಿದರೆ ಬ್ಯಾಟರಿಯೇ ಗತಿ. ಹೆಚ್ಚೆಂದರೆ ಏಳೂವರೆ ನಾಟ್, ಅದೂ ಸ್ವಲ್ಪ ಹೊತ್ತು. ರಾತ್ರಿಯ ಕತ್ತಲಲ್ಲಿ ಆ ತಗ್ಗಿನ ಆಕಾರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬ್ರಿಟಿಷರು ನೆಚ್ಚಿಕೊಂಡಿದ್ದ ಶಬ್ದದ ಅಲೆಯ ಸೋನಾರ್, ನೀರಿನೊಳಗಿನದನ್ನು ಹುಡುಕಬಲ್ಲದು, ಮೇಲಿರುವುದನ್ನಲ್ಲ. 1940ರ ಅಕ್ಟೋಬರ್‌ನಲ್ಲಿ 35 ಹಡಗುಗಳ ಎಸ್‌ಸಿ 7 ಕಾನ್‌ವಾಯ್ ಕೆನಡಾದಿಂದ ಹೊರಟಾಗ ಜೊತೆಗಿದ್ದ ಬೆಂಗಾವಲು ಒಂದೇ ನೌಕೆ. ಆಮೇಲೆ ಕೆಲವು ಬಂದು ಸೇರಿದವು. ಯು-99ರ ಕ್ಯಾಪ್ಟನ್ ಒಟ್ಟೊ ಕ್ರೆಚ್‌ಮರ್ ಹೊರಗಿನಿಂದ ಗುರಿಯಿಡಲಿಲ್ಲ. ಕಾವಲಿನ ಸಾಲು ದಾಟಿ, ಹಡಗುಗಳ ಎರಡು ಸಾಲುಗಳ ನಡುವೆಯೇ ನುಗ್ಗಿ, ಒಂದು ಹಡಗಿಗೆ ಒಂದು ಟಾರ್ಪಿಡೊ ಎಂಬಂತೆ ಹೊಡೆಯುತ್ತಾ ಹೋದರು. ಆ ಕಾನ್‌ವಾಯ್‌ನಲ್ಲಿ 20 ಹಡಗುಗಳು ಮುಳುಗಿದವು.

ಯುದ್ಧ ಶುರುವಾದಾಗ ಡೋನಿಟ್ಸ್ ಹತ್ತಿರ ಇದ್ದದ್ದು 57 ಸಬ್‌ಮರೀನ್, ಅವರು ಕೇಳಿದ್ದು 300. ನೂರು ಬೇಟೆಯಲ್ಲಿ, ನೂರು ಹೋಗಿ ಬರುವ ದಾರಿಯಲ್ಲಿ, ನೂರು ರಿಪೇರಿಯಲ್ಲಿ ಅಂತ ಅವರ ಲೆಕ್ಕ. ಅಷ್ಟು ಸಂಖ್ಯೆ ಬಂದದ್ದು ತಡವಾಗಿ. 1942ರ ಜನವರಿಯಲ್ಲಿ ಅವರು ಅಮೆರಿಕದ ಕರಾವಳಿಗೆ ಕಳಿಸಲು ಆದದ್ದು ಬರೀ ಐದು. ಆದರೂ ಅಲ್ಲಿ ಕಾನ್‌ವಾಯ್ ಇರಲಿಲ್ಲ. ದಡದ ಊರುಗಳ ದೀಪ ಆರಿಸಿರಲಿಲ್ಲ. ಬೆಳಕಿಗೆ ಎದುರಾಗಿ ಹಡಗುಗಳ ಆಕಾರ ಸ್ಪಷ್ಟವಾಗಿ ಕಾಣುತ್ತಿತ್ತು. 25 ವರ್ಷ ಹಿಂದೆ ಬ್ರಿಟನ್ ಅಷ್ಟು ಬೆಲೆ ತೆತ್ತು ಕಲಿತದ್ದನ್ನು ಅಮೆರಿಕ ಮತ್ತೆ ಮೊದಲಿನಿಂದ ಕಲಿಯಿತು. ಆ ತಿಂಗಳುಗಳಲ್ಲಿ ನೂರಾರು ಹಡಗುಗಳು ಹೋದವು. ಮೇ ತಿಂಗಳಲ್ಲಿ ಕಾನ್‌ವಾಯ್ ಶುರುವಾದ ಮೇಲೆ ಡೋನಿಟ್ಸ್ ತಮ್ಮ ಸಬ್‌ಮರೀನ್‌ಗಳನ್ನು ಕೆರಿಬಿಯನ್ ಕಡೆಗೆ ಸರಿಸಿದರು.

ಆ ವರ್ಷ ಸಬ್‌ಮರೀನ್‌ಗಳು ಮುಳುಗಿಸಿದ್ದು 60 ಲಕ್ಷ ಟನ್ನಿಗೂ ಮೇಲೆ. ಅದೇ ಹೊತ್ತಿಗೆ ಲೆಕ್ಕದ ಇನ್ನೊಂದು ಬದಿ ಬದಲಾಗುತ್ತಿತ್ತು. ಅಮೆರಿಕ ಲಿಬರ್ಟಿ ಎಂಬ ಒಂದೇ ಮಾದರಿಯ ಹಡಗನ್ನು ನೂರುಗಟ್ಟಲೆ ಕಟ್ಟತೊಡಗಿತು. ರಿವೆಟ್ ಬದಲು ವೆಲ್ಡಿಂಗ್. ಭಾಗಗಳನ್ನು ಬೇರೆ ಬೇರೆ ಕಡೆ ತಯಾರಿಸಿ ತಂದು ಜೋಡಿಸುವುದು. ಮೊದಲು ಒಂದು ಹಡಗಿಗೆ ಎಂಟು ತಿಂಗಳ ಹತ್ತಿರ ಬೇಕಿತ್ತು, ಆಮೇಲೆ ಆರು ವಾರಕ್ಕೆ ಇಳಿಯಿತು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ 1942ರ ನವೆಂಬರ್‌ನಲ್ಲಿ ರಾಬರ್ಟ್ ಇ. ಪಿಯರಿ ಎಂಬ ಹಡಗನ್ನು ಐದು ದಿನದೊಳಗೆ ಕಟ್ಟಿ ನೀರಿಗಿಳಿಸಿದರು. ಅದು ಪ್ರಚಾರಕ್ಕೆ ಮಾಡಿದ್ದು ನಿಜ. ಆದರೆ ಒಟ್ಟು 2,710 ಲಿಬರ್ಟಿ ಹಡಗುಗಳು ಬಂದದ್ದು ಪ್ರಚಾರವಲ್ಲ. ತಿಂಗಳಿಗೆ 7 ಲಕ್ಷ ಟನ್ ಮುಳುಗಿಸಬೇಕು ಅಂತ ಡೋನಿಟ್ಸ್ ಹಾಕಿದ್ದ ಗುರಿ, ಮುಟ್ಟಿದರೂ ಸಾಲದ ಗುರಿಯಾಗುತ್ತಾ ಹೋಯಿತು.

1943ರ ಮಾರ್ಚ್‌ನಲ್ಲಿ ಎಚ್‌ಎಕ್ಸ್ 229, ಎಸ್‌ಸಿ 122 ಎಂಬ ಎರಡು ಕಾನ್‌ವಾಯ್‌ಗಳ 22 ಹಡಗು ಮುಳುಗಿದವು. ಬರೀ ಎರಡು ತಿಂಗಳಲ್ಲಿ ಎಲ್ಲಾ ತಿರುವುಮುರುವಾಯಿತು. ದೂರ ಹಾರಬಲ್ಲ ಲಿಬರೇಟರ್ ವಿಮಾನಗಳು ಅಟ್ಲಾಂಟಿಕ್‌ನ ನಡುಭಾಗಕ್ಕೂ ಬಂದವು. ಹಿಂದೆ ಅಲ್ಲಿಗೆ ಯಾವ ವಿಮಾನವೂ ಮುಟ್ಟುತ್ತಿರಲಿಲ್ಲ. ವಿಮಾನ ಸಬ್‌ಮರೀನನ್ನು ಹೊಡೆಯಲೇಬೇಕಿಲ್ಲ, ಮುಳುಗುವಂತೆ ಮಾಡಿದರೆ ಸಾಕು. ಮುಳುಗಿದ್ದು ಕಾನ್‌ವಾಯ್ ಹಿಂದೆ ಬೀಳಲಾರದು. 10 ಸೆಂಟಿಮೀಟರ್ ಅಲೆಯ ಹೊಸ ರೇಡಾರ್ ಕತ್ತಲಲ್ಲೂ ನೀರಿನ ಮೇಲಿರುವುದನ್ನು ತೋರಿಸಿತು. ಜರ್ಮನ್ನರ ಉಪಕರಣಕ್ಕೆ ಆ ಅಲೆ ಗೊತ್ತೇ ಆಗುತ್ತಿರಲಿಲ್ಲ. ಇನ್ನು ಹಿಂಡಿನ ಜೀವಾಳವಾಗಿದ್ದ ರೇಡಿಯೋ ಮಾತೇ ಶತ್ರುವಾಯಿತು. ಯಾವ ದಿಕ್ಕಿನಿಂದ ಸಂದೇಶ ಬಂತು ಅಂತ ಬೆಂಗಾವಲು ನೌಕೆಗಳು ಕ್ಷಣದಲ್ಲಿ ಹಿಡಿಯುತ್ತಿದ್ದವು. ಜರ್ಮನ್ನರ ಎನಿಗ್ಮಾ ಯಂತ್ರದ ಗುಪ್ತ ಸಂಕೇತ ಬಿಡಿಸಿದವರು ಹಿಂಡು ಎಲ್ಲಿ ಕಾಯುತ್ತಿದೆ ಅಂತ ಓದಿ ಕಾನ್‌ವಾಯ್‌ಗಳ ದಾರಿ ಬದಲಿಸುತ್ತಿದ್ದರು. ಆ ಮೇ ತಿಂಗಳಲ್ಲಿ ಜರ್ಮನಿ 41 ಸಬ್‌ಮರೀನ್ ಕಳೆದುಕೊಂಡಿತು. ಅದರಲ್ಲೊಂದಾದ ಯು-954ರಲ್ಲಿ ಡೋನಿಟ್ಸ್ ಮಗ ಪೀಟರ್ ಇದ್ದ. ಮೇ 24ರಂದು ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತಮ್ಮ ಹಿಂಡುಗಳನ್ನು ವಾಪಸ್ ಕರೆಸಿಕೊಂಡರು.

ಅದೇ ಆಯುಧ, ಇನ್ನೊಂದು ಸಾಗರ

ಪರ್ಲ್ ಹಾರ್ಬರ್ ದಾಳಿಯಾದ ದಿನವೇ, 1941ರ ಡಿಸೆಂಬರ್ 7ರಂದು, ಅಮೆರಿಕ ತನ್ನ ಸಬ್‌ಮರೀನ್‌ಗಳಿಗೆ ಜಪಾನಿನ ಯಾವ ಹಡಗನ್ನಾದರೂ ಹೊಡೆಯಲು ಆಜ್ಞೆ ಕೊಟ್ಟಿತು. 1917ರಲ್ಲಿ ಇದನ್ನೇ ಜರ್ಮನಿ ಮಾಡಿತೆಂದು ಅಮೆರಿಕ ಯುದ್ಧಕ್ಕಿಳಿದಿತ್ತು.

ಶುರು ಮಾತ್ರ ಹೀನಾಯ. ಅಮೆರಿಕದ ಮಾರ್ಕ್ 14 ಟಾರ್ಪಿಡೊ ಕೈ ಕೊಟ್ಟಿತು. ಹೊಂದಿಸಿದ ಆಳಕ್ಕಿಂತ ಹತ್ತಡಿ ಕೆಳಗಿಳಿದು ಹಡಗಿನ ಅಡಿಯಲ್ಲೇ ಹಾದು ಹೋಗುತ್ತಿತ್ತು. ಅದನ್ನು ಸರಿ ಮಾಡಿದರೆ ಬೇಗ ಸಿಡಿಯುತ್ತಿತ್ತು. ಅದನ್ನೂ ಸರಿ ಮಾಡಿದರೆ ಬಡಿದರೂ ಸಿಡಿಯುತ್ತಿರಲಿಲ್ಲ. 1943ರ ಜುಲೈನಲ್ಲಿ ಟಿನೋಸಾ ಎಂಬ ಸಬ್‌ಮರೀನ್, ತೋನಾನ್ ಮಾರು 3 ಎಂಬ ದೈತ್ಯ ಎಣ್ಣೆ ಹಡಗಿಗೆ 15 ಟಾರ್ಪಿಡೊ ಬಿಟ್ಟಿತು. ಹಡಗು ಕೆಟ್ಟು ನಿಂತಿತ್ತು. ಕ್ಯಾಪ್ಟನ್ ಡ್ಯಾಸ್ಪಿಟ್ ಸಮಾಧಾನದಿಂದ ಗುರಿಯಿಟ್ಟು ಒಂದೊಂದೇ ಹೊಡೆದರು. ಬಡಿಯುವ ಸದ್ದು ಕೇಳುತ್ತಿತ್ತು, ಸಿಡಿಯುವ ಸದ್ದು ಇಲ್ಲ. ಕೊನೆಯ ಟಾರ್ಪಿಡೊವನ್ನು ಹೊಡೆಯದೆ ಪರೀಕ್ಷೆಗೆ ಅಂತ ವಾಪಸ್ ತಂದರು. ಪರ್ಲ್ ಹಾರ್ಬರ್‌ನಲ್ಲಿ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬೀಳಿಸಿ ನೋಡಿದಾಗ ವಿಷಯ ಗೊತ್ತಾಯಿತು. ನೇರವಾಗಿ ಬಡಿದರೆ ಒಳಗಿನ ಸಿಡಿಸುವ ಪಿನ್ ಜಜ್ಜಿ ಸಿಕ್ಕಿಕೊಳ್ಳುತ್ತಿತ್ತು. ಓರೆಯಾಗಿ ತಗುಲಿದರೆ ಸಿಡಿಯುತ್ತಿತ್ತು. ಅಂದರೆ ಅತಿ ಚೆನ್ನಾಗಿ ಗುರಿಯಿಟ್ಟವನ ಟಾರ್ಪಿಡೊವೇ ಅತಿ ಹೆಚ್ಚು ವ್ಯರ್ಥ!

ಇಷ್ಟಾದರೂ ಅಮೆರಿಕ ಗೆದ್ದಿತು. ಜಪಾನ್ ಬಳಿ ಇದ್ದದ್ದು ಸುಮಾರು 60 ಲಕ್ಷ ಟನ್ ಹಡಗು. ಯುದ್ಧಕ್ಕೆ ಇಳಿದದ್ದೇ ಬೋರ್ನಿಯೊ, ಸುಮಾತ್ರಾಗಳ ಎಣ್ಣೆಗಾಗಿ. ಎಣ್ಣೆಬಾವಿ ಕೈಗೆ ಬಂತು, ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಅದನ್ನು ಮನೆಗೆ ತರುವ ದಾರಿಯನ್ನು ಕಾಯುವ ಯೋಚನೆ ಮಾತ್ರ ಇರಲಿಲ್ಲ. ಜಪಾನಿನ ನೌಕಾಪಡೆಗೆ ದೊಡ್ಡ ನಿರ್ಣಾಯಕ ಕಾಳಗದ ಕನಸು. ಸರಕು ಹಡಗು ಕಾಯುವುದು ಕೀಳು ಕೆಲಸ ಅನ್ನುವ ಭಾವನೆ. ಬೆಂಗಾವಲಿಗೇ ಅಂತ ಒಂದು ಪ್ರಧಾನ ಕಚೇರಿ ಬಂದದ್ದು 1943ರ ನವೆಂಬರ್‌ನಲ್ಲಿ. ಸರಕು ಹಡಗುಗಳ ರೇಡಿಯೋ ಸಂಕೇತವನ್ನು ಅಮೆರಿಕನ್ನರು ಆಗಲೇ ಬಿಡಿಸಿದ್ದರು. ನಾಳೆ ಮಧ್ಯಾಹ್ನ ಕಾನ್‌ವಾಯ್ ಎಲ್ಲಿರುತ್ತದೆ ಅಂತ ಸಬ್‌ಮರೀನ್‌ಗಳಿಗೆ ಮುಂಚೆಯೇ ತಿಳಿಯುತ್ತಿತ್ತು. ಮುಳುಗಿದ್ದನ್ನು ತುಂಬಿಕೊಡಲು ಜಪಾನಿಗೆ ಅಮೆರಿಕದಂತಹ ಹಡಗುಕಟ್ಟೆಗಳೂ ಇರಲಿಲ್ಲ. ಅಮೆರಿಕದ ನೌಕಾಪಡೆಯಲ್ಲಿ ನೂರಕ್ಕೆ ಇಬ್ಬರೂ ಇಲ್ಲದ ಸಬ್‌ಮರೀನ್ ಸಿಬ್ಬಂದಿ, ಜಪಾನ್ ಕಳೆದುಕೊಂಡ ವ್ಯಾಪಾರಿ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿದರು. 1945ರ ಹೊತ್ತಿಗೆ ದಕ್ಷಿಣದಿಂದ ಎಣ್ಣೆ ಬರುವುದು ನಿಂತೇಹೋಯಿತು.

ಟನ್ ಅಂತ ಎಣಿಸುವಾಗ ಹಡಗಿನೊಳಗಿನ ಜನ ಲೆಕ್ಕದಿಂದ ಜಾರಿ ಹೋಗುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳ ಸುಮಾರು 30,000 ನಾವಿಕರು ಸತ್ತರು. ಆ ಹಡಗುಗಳ ಸಿಬ್ಬಂದಿಯಲ್ಲಿ ಕಾಲು ಭಾಗದಷ್ಟು ಜನ ಭಾರತ ಉಪಖಂಡದವರು. ಕಡಿಮೆ ಸಂಬಳಕ್ಕೆ ಎಂಜಿನ್ ಕೋಣೆಯಲ್ಲಿ ಬೆಂಕಿಯ ಮುಂದೆ ದುಡಿಯುತ್ತಿದ್ದವರು. 1940ರ ಸೆಪ್ಟೆಂಬರ್ 17ರಂದು ಮುಳುಗಿದ ಸಿಟಿ ಆಫ್ ಬನಾರಸ್ ಹಡಗಿನ ಸಿಬ್ಬಂದಿಯಲ್ಲೂ ಹೆಚ್ಚಿನವರು ಅವರೇ. ಬಾಂಬ್ ದಾಳಿಯಿಂದ ಪಾರು ಮಾಡಲೆಂದು ಅದರಲ್ಲಿ ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳಲ್ಲಿ 77 ಮಕ್ಕಳು ಉಳಿಯಲಿಲ್ಲ. ಇತ್ತ ಜರ್ಮನಿಯ ಸಬ್‌ಮರೀನ್ ನಾವಿಕರಲ್ಲೂ ನಾಲ್ವರಲ್ಲಿ ಮೂವರು ಸತ್ತರು.

1936ರಲ್ಲಿ ಲಂಡನ್‌ನಲ್ಲಿ ಒಪ್ಪಿಕೊಂಡ ನಿಯಮ ಹಳೆಯ ಕಾನೂನನ್ನೇ ಮತ್ತೆ ಹೇಳಿತ್ತು, ಜನರನ್ನು ಸುರಕ್ಷಿತ ಜಾಗಕ್ಕೆ ಸೇರಿಸದೆ ಮುಳುಗಿಸಬಾರದು ಅಂತ. ಜರ್ಮನಿಯೂ ಅದಕ್ಕೆ ಸಹಿ ಹಾಕಿತ್ತು. ಯುದ್ಧದ ನಂತರ ಜರ್ಮನಿಯ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಡೋನಿಟ್ಸ್ ಪರ ವಕೀಲರು ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಸ್ ಅವರಿಗೆ ಲಿಖಿತ ಪ್ರಶ್ನೆ ಕಳಿಸಿದರು. ಪೆಸಿಫಿಕ್‌ನಲ್ಲಿ ನಾವು ಮೊದಲ ದಿನದಿಂದಲೇ ನಿರ್ಬಂಧವಿಲ್ಲದ ಸಬ್‌ಮರೀನ್ ಯುದ್ಧ ಮಾಡಿದೆವು ಅಂತ ನಿಮಿಟ್ಸ್ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಡೋನಿಟ್ಸ್ ನಿಯಮ ಮುರಿದದ್ದು ನಿಜ ಅಂತ ನ್ಯಾಯಾಲಯ ಹೇಳಿತು. ಆದರೆ 1946ರ ಅಕ್ಟೋಬರ್ 1ರಂದು ಕೊಟ್ಟ 10 ವರ್ಷದ ಶಿಕ್ಷೆಯಲ್ಲಿ ಆ ತಪ್ಪನ್ನು ಎಣಿಸಲಿಲ್ಲ. ಅದಕ್ಕೆ ಕಾರಣವಾಗಿ ನಿಮಿಟ್ಸ್ ಉತ್ತರವನ್ನೂ, ಡೆನ್ಮಾರ್ಕ್ ಮತ್ತು ನಾರ್ವೆ ನಡುವಿನ ಸ್ಕಾಗೆರಾಕ್ ಜಲಸಂಧಿಯಲ್ಲಿ ಕಂಡ ಹಡಗನ್ನೆಲ್ಲ ಹೊಡೆಯಲು 1940ರ ಮೇ ತಿಂಗಳಲ್ಲಿ ಬ್ರಿಟನ್ ಕೊಟ್ಟಿದ್ದ ಆಜ್ಞೆಯನ್ನೂ ಹೆಸರಿಸಿತು. 1936ರ ಆ ನಿಯಮ ಈಗಲೂ ರದ್ದಾಗಿಲ್ಲ.